ಬೆನ್ನಿನ ನೀರಿನ ಲೆಕ್ಕ: ಕ್ಷಯ ಮೆನಿಂಜೈಟಿಸ್ ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ವೈಟ್ಟಿಲ, ಕೊಚ್ಚಿ

ಕೊಚ್ಚಿ, ತಿರುವನಂತಪುರ, ಮಂಗಳೂರು, ಮಣಿಪಾಲ ಮತ್ತು ಬೆಂಗಳೂರಿನ ನರರೋಗ, ಮಕ್ಕಳ ವೈದ್ಯ ಹಾಗೂ ಸೂಕ್ಷ್ಮಜೀವಿ ವಿಭಾಗಗಳ ಸಂಶೋಧಕರಿಗೆ, ಈ ಕಾಯಿಲೆಯ ಮೇಲೆ ಪ್ರಬಂಧ ಬರೆಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ, ಅವರ ಮಾರ್ಗದರ್ಶಕರಿಗೆ,

ಕ್ಷಯ ಮೆನಿಂಜೈಟಿಸ್ ಎಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಹೊದ್ದಿರುವ ಪೊರೆಗೆ ಕ್ಷಯದ ಬ್ಯಾಕ್ಟೀರಿಯಾ ತಗುಲಿ ಬರುವ ಉರಿಯೂತ. ‘ಮೆದುಳಿಗೆ ಟಿಬಿ ಏರಿದೆ’ ಎಂದು ವಾರ್ಡಿನಲ್ಲಿ ಹೇಳುವುದು ಇದನ್ನೇ. ಶುರುವಿನಲ್ಲಿ ಇದು ಯಾರ ಗಮನವನ್ನೂ ಸೆಳೆಯುವುದಿಲ್ಲ. ಒಂದಿಷ್ಟು ತಲೆನೋವು, ಸಂಜೆಯ ಸಣ್ಣ ಜ್ವರ, ಊಟ ಸೇರದಿರುವುದು. ಮಕ್ಕಳಾದರೆ ಆಟ ಬಿಟ್ಟು ಮೂಲೆ ಹಿಡಿಯುವುದು. ವಾರ ಎರಡು ವಾರ ಕಳೆಯುವಷ್ಟರಲ್ಲಿ ವಾಂತಿ, ಒಂದು ಎರಡಾಗಿ ಕಾಣುವುದು, ಮಂಪರು. ಆ ಹೊತ್ತಿಗೆ ಮಿದುಳಿನ ಬುಡದಲ್ಲಿ ದಪ್ಪನೆಯ ಸ್ರಾವ ಶೇಖರವಾಗಿ ದ್ರವ ಹರಿಯುವ ದಾರಿಯನ್ನು ಕಟ್ಟಿರುತ್ತದೆ. ಆ ಸ್ರಾವದ ನಡುವೆ ಹಾದುಹೋಗುವ ರಕ್ತನಾಳಗಳು ಊದಿ ಮುಚ್ಚಿಕೊಂಡರೆ ಲಕ್ವ ಹೊಡೆಯುತ್ತದೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 1,64,000 ವಯಸ್ಕರಿಗೆ ಈ ಕಾಯಿಲೆ ಬಂದಿತು, ಅವರಲ್ಲಿ ಸುಮಾರು 78,000 ಮಂದಿ ಸತ್ತರು ಎಂಬ ಅಂದಾಜಿದೆ. ಕ್ಷಯದ ಬೇರೆ ಯಾವ ರೂಪವೂ ಹೀಗೆ ಇಬ್ಬರಲ್ಲಿ ಒಬ್ಬರನ್ನು ಬಲಿ ತೆಗೆದುಕೊಳ್ಳುವುದಿಲ್ಲ.

ಸಂಶೋಧನೆಯ ತೊಡಕು ಶುರುವಾಗುವುದು ಬೆನ್ನಿನ ನೀರಿನಿಂದ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ, ಬೆನ್ನಿಗೆ ಸೂಜಿ ಹಾಕಿ ತೆಗೆಯುವ ದ್ರವದಿಂದ. ಶ್ವಾಸಕೋಶದ ಕ್ಷಯದಲ್ಲಿ ಕಫದ ತುಂಬ ಬ್ಯಾಕ್ಟೀರಿಯಾ ಇರುತ್ತವೆ. ಇಲ್ಲಿ ಹಾಗಲ್ಲ, ದ್ರವದಲ್ಲಿ ಅವು ಬೆರಳೆಣಿಕೆಯಷ್ಟು. ಆದ್ದರಿಂದ ಎಷ್ಟೋ ರೋಗಿಗಳಲ್ಲಿ ‘ಇದು ಕ್ಷಯ’ ಎನ್ನುವುದು ಕಣ್ಣಾರೆ ಕಂಡ ಸಂಗತಿಯಲ್ಲ, ಲಕ್ಷಣಗಳನ್ನು ಕೂಡಿಸಿ ಕಟ್ಟಿದ ಊಹೆ. ಒಬ್ಬೊಬ್ಬರು ಒಂದೊಂದು ರೀತಿ ಊಹೆ ಕಟ್ಟಿದರೆ ಕೊಚ್ಚಿಯ ಐವತ್ತು ರೋಗಿಗಳೂ ಬೆಂಗಳೂರಿನ ಐವತ್ತು ರೋಗಿಗಳೂ ಸೇರಿ ನೂರಾಗುವುದಿಲ್ಲ. ಈ ಪತ್ರ ಹೇಳಬೇಕಿರುವುದು ಮುಖ್ಯವಾಗಿ ಇಷ್ಟು. ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ನಲವತ್ತು ಐವತ್ತು ರೋಗಿಗಳ ಪ್ರಬಂಧಗಳು ಸಿದ್ಧವಾಗುತ್ತಿರುತ್ತವೆ. ಅವುಗಳ ಹಿಂದೆ ಯುವ ವೈದ್ಯರ ರಾತ್ರಿಗಳಿವೆ, ರೋಗಿಗಳ ನೋವಿದೆ. ಅಳತೆ ಬೇರೆ ಬೇರೆಯಾದ ಕಾರಣಕ್ಕೆ ಅವು ಒಂದಕ್ಕೊಂದು ಕೂಡದೆ ಕಪಾಟು ಸೇರುವುದು ದೊಡ್ಡ ನಷ್ಟ.

ಈ ನಷ್ಟ ಹೇಗಿರುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಉದಾಹರಣೆಯಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎ. ಚಂದ್ರಮುಖಿ ಮತ್ತು ಸಂಗಡಿಗರು ಬೆನ್ನಿನ ನೀರಿನಲ್ಲಿ ಕ್ಷಯದ ಪ್ರತಿಜನಕ ಮತ್ತು ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳ ಮೇಲೆ ಕೆಲಸ ಮಾಡಿದರು. 1990ರ ಆಸುಪಾಸಿನಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ವಿ. ವಿ. ರಾಧಾಕೃಷ್ಣನ್ ಮತ್ತು ಸಂಗಡಿಗರು ಎಲೈಸಾ ವಿಧಾನದಲ್ಲಿ ಅದೇ ದಾರಿ ಹಿಡಿದರು. ಎರಡೂ ಶ್ರದ್ಧೆಯ ಕೆಲಸಗಳೇ. ಎರಡರ ಪ್ರಶ್ನೆಯೂ ಒಂದೇ, ಬ್ಯಾಕ್ಟೀರಿಯಾ ಸಿಗದಿದ್ದರೂ ಅದರ ಹೆಜ್ಜೆಗುರುತು ಸಿಕ್ಕೀತೇ? ಆದರೆ ಆ ಕಾಲದಲ್ಲಿ ಜಗತ್ತಿನ ಯಾವ ಪ್ರಯೋಗಾಲಯದ ಮುಂದೆಯೂ ‘ಕ್ಷಯ ಮೆನಿಂಜೈಟಿಸ್ ರೋಗಿ’ ಯಾರು ಎಂಬುದಕ್ಕೆ ಒಪ್ಪಿತ ವ್ಯಾಖ್ಯೆ ಇರಲಿಲ್ಲ. ಒಂದು ಕಡೆ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದ ರೋಗಿಗಳನ್ನಷ್ಟೇ ಲೆಕ್ಕ ಹಿಡಿಯುತ್ತಿದ್ದರು, ಇನ್ನೊಂದು ಕಡೆ ಔಷಧಿಗೆ ಚೇತರಿಸಿಕೊಂಡವರನ್ನೂ. ಪ್ರತಿಜನಕಗಳೂ ಬೇರೆ, ಧನಾತ್ಮಕ ಎನ್ನುವ ಗೆರೆಯೂ ಬೇರೆ. ಮುಂದೆ ಇದೇ ಬಗೆಯಲ್ಲಿ ಪ್ರತಿಕಾಯ ಹುಡುಕುವ ಕ್ಷಯದ ರಕ್ತಪರೀಕ್ಷೆಗಳು ಮಾರುಕಟ್ಟೆಗೆ ಬಂದವು. ಅವುಗಳ ಫಲಿತಾಂಶಗಳು ಅಧ್ಯಯನದಿಂದ ಅಧ್ಯಯನಕ್ಕೆ ಏರುಪೇರಾಗಿವೆ, ನಂಬುವಂತಿಲ್ಲ ಎಂದು 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವುಗಳ ವಿರುದ್ಧ ಸಲಹೆ ನೀಡಿತು. 2012ರ ಜೂನ್‌ನಲ್ಲಿ ಭಾರತ ಅವನ್ನು ನಿಷೇಧಿಸಿತು. ನಿಷೇಧ ಸರಿಯೇ. ಆದರೆ ಬೆನ್ನಿನ ನೀರಿನ ಪರೀಕ್ಷೆಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಬೇರ್ಪಡಿಸಿ ನೋಡಲು ಒಂದೇ ಜರಡಿ ಆಗ ಇದ್ದಿದ್ದರೆ ಎಷ್ಟೋ ವರ್ಷಗಳು ಉಳಿಯುತ್ತಿದ್ದವು.

ವ್ಯಾಖ್ಯೆ ಕಟ್ಟುವ ಪ್ರಯತ್ನಗಳು ನಡೆಯದೆ ಇರಲಿಲ್ಲ. 1994ರಲ್ಲಿ ದೆಹಲಿಯ ಅಹೂಜಾ ಮತ್ತಿತರರ ಮಾನದಂಡ, 1999ರಲ್ಲಿ ಮಕ್ಕಳಿಗಾಗಿ ಲಖನೌದ ವೈದ್ಯರ ಸೂತ್ರ, 2002ರಲ್ಲಿ ವಿಯೆಟ್ನಾಂನಿಂದ ಥ್ವೇಟ್ಸ್ ಸೂಚ್ಯಂಕ ಬಂದವು. ಇವು ಒಂದಕ್ಕೊಂದು ಹೊಂದಲಿಲ್ಲ. 2009ರಲ್ಲಿ ಕೇಪ್‌ಟೌನ್‌ನಲ್ಲಿ ಕೂಡಿದ ತಜ್ಞರು ಮಾಡಿಕೊಂಡ ಒಪ್ಪಂದ 2010ರಲ್ಲಿ ಏಕರೂಪ ವ್ಯಾಖ್ಯೆಯಾಗಿ ಪ್ರಕಟವಾಯಿತು. 2017ರಲ್ಲಿ ಇದೇ ಬಳಗ ಅಧ್ಯಯನಗಳಲ್ಲಿ ಯಾವ ಯಾವ ಮಾಹಿತಿಯನ್ನು ಹೇಗೆ ದಾಖಲಿಸಬೇಕು ಎಂಬ ವಿಧಾನಗಳನ್ನು ಮುಂದಿಟ್ಟಿತು. 2019ರಲ್ಲಿ ಅದರ ಸಭೆ ಲಖನೌದಲ್ಲೇ ನಡೆಯಿತು. ಹಾಗಾಗಿ ಇದು ಪರದೇಶದಿಂದ ಬಂದ ನಿಯಮ ಎಂದು ದೂರ ಇಡುವಂತಿಲ್ಲ.

ಏಕರೂಪ ವ್ಯಾಖ್ಯೆ ಹೀಗಿದೆ. ದ್ರವದಲ್ಲಿ ಬ್ಯಾಕ್ಟೀರಿಯಾ ಕಂಡರೆ, ಬೆಳೆದರೆ ಅಥವಾ ಅದರ ಡಿಎನ್‌ಎ ಸಿಕ್ಕರೆ ‘ಖಚಿತ’. ಉಳಿದವರಿಗೆ ಅಂಕ: ರೋಗಲಕ್ಷಣಗಳಿಗೆ ಗರಿಷ್ಠ 6, ಬೆನ್ನಿನ ನೀರಿಗೆ 4, ಸ್ಕ್ಯಾನಿಗೆ 6, ದೇಹದ ಬೇರೆಡೆ ಕ್ಷಯವಿದ್ದರೆ 4. ಸ್ಕ್ಯಾನ್ ಆಗದ ರೋಗಿಗೆ 10, ಆದವರಿಗೆ 12 ಅಂಕ ಬಂದರೆ ‘ಸಂಭಾವ್ಯ’. ಅದಕ್ಕಿಂತ ಕೆಳಗೆ 6ರವರೆಗೆ ‘ಸಾಧ್ಯ’. ಇದಕ್ಕೆಲ್ಲ ಮೊದಲು ಬೇರೆ ಕಾಯಿಲೆಗಳನ್ನು ಹೊರಗಿಟ್ಟಿರಬೇಕು.

ಕಾಗದದ ಮೇಲೆ ಸರಳ. ರೋಗಿಯ ಪಕ್ಕ ಕೂತು ಲೆಕ್ಕ ಹಾಕಿದಾಗ ಸೂಕ್ಷ್ಮ ಗೊತ್ತಾಗುತ್ತದೆ. ಒಬ್ಬ ಕಲ್ಪಿತ ರೋಗಿಯನ್ನೇ ತೆಗೆದುಕೊಳ್ಳಬಹುದು. ಒಂಬತ್ತು ದಿನದ ಜ್ವರ ತಲೆನೋವಿಗೆ 4, ಆರನೆಯ ಕಪಾಲ ನರ ಸೋತು ಕಣ್ಣು ಓರೆಯಾದದ್ದಕ್ಕೆ 1, ಮಂಪರಿಗೆ 1, ಒಟ್ಟು 6. ತಿಳಿಯಾದ ದ್ರವ, 180 ಜೀವಕೋಶ, ಅದರಲ್ಲಿ ಹೆಚ್ಚಿನವು ಲಿಂಫೋಸೈಟ್, ಪ್ರೋಟೀನ್ 160 ಮಿಲಿಗ್ರಾಂ, ಇಲ್ಲಿ 4. ಒಟ್ಟು 10. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನ್ ಇಲ್ಲ ಎಂದಾದರೆ ಆತ ‘ಸಂಭಾವ್ಯ’ ರೋಗಿ. ಅದೇ ಮನುಷ್ಯನನ್ನು ಕೊಚ್ಚಿಗೆ ತಂದು ಸಿಟಿ ಮಾಡಿದಾಗ ಮಿದುಳಿನ ಕುಹರಗಳು ಹಿಗ್ಗಿರುವುದು ಕಂಡರೆ ಇನ್ನೊಂದು ಅಂಕ ಸೇರಿ 11 ಆಗುತ್ತದೆ. ಆದರೆ ಸ್ಕ್ಯಾನ್ ಆದವರಿಗೆ ಗೆರೆ 12. ಕ್ಷಯದ ಕುರುಹು ಒಂದು ಹೆಚ್ಚಾದರೂ ಆತ ‘ಸಾಧ್ಯ’ಕ್ಕೆ ಇಳಿಯುತ್ತಾನೆ! ಎಲ್ಲರಿಗೂ ಎಂಆರ್‌ಐ ಮಾಡುವ ನಗರದ ಆಸ್ಪತ್ರೆಯನ್ನೂ ಯಾರಿಗೂ ಮಾಡಲಾಗದ ಜಿಲ್ಲಾ ಆಸ್ಪತ್ರೆಯನ್ನೂ ಈ ಹಣೆಪಟ್ಟಿಗಳಿಂದಷ್ಟೇ ಹೋಲಿಸಿದರೆ ತಪ್ಪು ಲೆಕ್ಕ ಸಿಗುವುದು ಇದರಿಂದಲೇ. ಪರಿಹಾರ ಕಷ್ಟದ್ದಲ್ಲ. ‘ಸಂಭಾವ್ಯ 23, ಸಾಧ್ಯ 19’ ಎಂದು ಬರೆದು ಮುಗಿಸದೆ ಪ್ರತಿ ರೋಗಿಯ ಪ್ರತಿ ಅಂಶವನ್ನೂ, ಸ್ಕ್ಯಾನ್ ಆಯಿತೇ ಇಲ್ಲವೇ ಎಂಬುದನ್ನೂ ದಾಖಲಿಸಿ ಕೊಡಬೇಕು. ಮೂಲ ಅಂಕಿಗಳಿದ್ದರೆ ನಾಳೆ ವ್ಯಾಖ್ಯೆ ಬದಲಾದರೂ ಆ ಅಧ್ಯಯನ ಬದುಕಿರುತ್ತದೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಈ ಅಂಕಗಳು ಸಂಶೋಧನೆಗಾಗಿ ಇರುವುದು. ಅಂಕ ಕಡಿಮೆ ಬಂತೆಂದು ಚಿಕಿತ್ಸೆ ತಡೆಯುವುದಕ್ಕಲ್ಲ.

ದ್ರವ ತೆಗೆಯುವುದರಲ್ಲೇ ಅರ್ಧ ಸೋಲು ಗೆಲುವು ಅಡಗಿದೆ. ವಯಸ್ಕರಲ್ಲಿ ಕನಿಷ್ಠ 6 ಮಿಲಿಲೀಟರ್ ಬೇಕು, 10 ಸಿಕ್ಕರೆ ಒಳ್ಳೆಯದು. ಬೆನ್ನಿಗೆ ಸೂಜಿ ಎಂದರೆ ರೋಗಿಯ ಮನೆಯವರು ಬೆಚ್ಚುತ್ತಾರೆ. ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ಭಯ ಮಲಬಾರಿನಲ್ಲೂ ಮಲೆನಾಡಿನಲ್ಲೂ ಒಂದೇ. ಅವರಿಗೆ ಹೇಳಬೇಕಾದ ಸತ್ಯವೆಂದರೆ ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ತಯಾರಿಸುತ್ತದೆ. ತೆಗೆದ 10 ಮಿಲಿಲೀಟರ್ ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಕಿರಿಯ ವೈದ್ಯರು ಆ ಹೆದರಿಕೆಗೆ ಸೋತು ಒಂದೊಂದು ಮಿಲಿಲೀಟರ್‌ನ ಮೂರು ಟ್ಯೂಬ್ ತುಂಬಿಸಿ ಕಳಿಸಿದರೆ ಮುಂದಿನ ಯಂತ್ರ ಎಷ್ಟೇ ಚುರುಕಾಗಿದ್ದರೂ ಹುಡುಕಲು ಅದಕ್ಕೆ ಏನೂ ಇರುವುದಿಲ್ಲ. ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಅಲುಗಿಸದೆ ಇಟ್ಟರೆ ಕೆಲವೊಮ್ಮೆ ಮೇಲ್ಗಡೆ ಜೇಡರ ಬಲೆಯಂಥ ತೆಳು ಎಳೆ ಕಟ್ಟುತ್ತದೆ. ಹಳೆಯ ತಲೆಮಾರಿನ ವೈದ್ಯರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬ್ಯಾಕ್ಟೀರಿಯಾ ಸಿಕ್ಕಿಕೊಂಡಿರುವುದು ಹೆಚ್ಚಾಗಿ ಆ ಎಳೆಯಲ್ಲೇ. ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದ ಮಡ್ಡಿಯಿಂದ ಸ್ಲೈಡ್ ಮಾಡಿ, ಒಂದೇ ಸ್ಲೈಡನ್ನು ಅರ್ಧ ಗಂಟೆ ತಾಳ್ಮೆಯಿಂದ ನೋಡಿದರೆ ಫಲ ಬೇರೆಯೇ ಬರುತ್ತದೆ. ಎಷ್ಟು ಮಿಲಿಲೀಟರ್, ಎಷ್ಟು ಹೊತ್ತಿಗೆ ಪ್ರಯೋಗಾಲಯ ತಲುಪಿತು, ತಿರುಗಿಸಲಾಯಿತೇ, ಎಷ್ಟು ನಿಮಿಷ ನೋಡಲಾಯಿತು ಎಂಬ ನಾಲ್ಕು ವಿವರಗಳಿಲ್ಲದೆ ‘ಸ್ಮಿಯರ್ ಋಣಾತ್ಮಕ’ ಎಂದು ಬರೆದರೆ ಆ ಮಾತಿಗೆ ತೂಕವಿಲ್ಲ.

ಕೇರಳದಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿದೆ. ಅಮೀಬಾದಿಂದ ಬರುವ ಮೆನಿಂಜೋಎನ್ಸೆಫಲೈಟಿಸ್ ಕಾಣಿಸಿಕೊಂಡ ಮೇಲೆ 2024ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅಮೀಬಾ ನೋಡುವ ದ್ರವವನ್ನು ಫ್ರಿಜ್ಜಿಗೆ ಇಡದೆ ತಾಜಾ ಇರುವಾಗಲೇ ಸೂಕ್ಷ್ಮದರ್ಶಕದಡಿ ನೋಡಬೇಕು. ಹಾಗಾಗಿ ಯಾವ ಟ್ಯೂಬ್ ಮೊದಲು, ಯಾವುದು ಎಲ್ಲಿಗೆ ಎಂಬ ಕ್ರಮ ಈಗ ಬರೆದಿಟ್ಟ ನಿಯಮವಾಗಲೇಬೇಕು. ಸ್ಕ್ರಬ್ ಟೈಫಸ್ ಕೂಡ ಲಿಂಫೋಸೈಟ್ ತುಂಬಿದ ತಿಳಿ ದ್ರವವನ್ನೇ ತೋರಿಸಬಲ್ಲದು. ಪಶ್ಚಿಮ ಘಟ್ಟದ ಎರಡೂ ಮಗ್ಗುಲಲ್ಲಿ ಅದನ್ನು ಹೊರಗಿಡದೆ ಕ್ಷಯಕ್ಕೆ ಅಂಕ ಹಾಕುವುದು ಅವಸರವಾಗುತ್ತದೆ.

ಸಕ್ಕರೆಯ ಲೆಕ್ಕ ಚಿಕ್ಕದು, ತಪ್ಪುವುದು ಹೆಚ್ಚು. ಏಕರೂಪ ವ್ಯಾಖ್ಯೆಯಲ್ಲಿ ಇದಕ್ಕೆ ಅಂಕ ಸಿಗಲು ದ್ರವದ ಗ್ಲೂಕೋಸ್ 40 ಮಿಲಿಗ್ರಾಂಗಿಂತ ಕಡಿಮೆ ಇರಬೇಕು ಅಥವಾ ರಕ್ತದ ಗ್ಲೂಕೋಸ್‌ನ ಅರ್ಧಕ್ಕಿಂತ ಕಡಿಮೆ ಇರಬೇಕು. ಮಧುಮೇಹ ಮನೆಮನೆಯಲ್ಲೂ ಇರುವ ಕೇರಳದಲ್ಲಿ ದ್ರವದ ಗ್ಲೂಕೋಸ್ 70 ಎಂದರೆ ಸರಿಯಾಗಿದೆ ಎನಿಸುತ್ತದೆ. ಅದೇ ಗಳಿಗೆಯಲ್ಲಿ ರಕ್ತದಲ್ಲಿ 220 ಇದ್ದರೆ ಅದು ಶೇ. 32 ಮಾತ್ರ. ಸೂಜಿ ಚುಚ್ಚುವ ಹೊತ್ತಿಗೇ ಬೆರಳಿನಿಂದ ಒಂದು ಹನಿ ರಕ್ತ ತೆಗೆಯದಿದ್ದರೆ ಈ ಅಂಕ ಕೈತಪ್ಪುತ್ತದೆ.

ಡಿಎನ್‌ಎ ಹುಡುಕುವ ಯಂತ್ರಗಳ ಹೆಸರನ್ನೂ ಬರೆಯಬೇಕು. ಎಕ್ಸ್‌ಪರ್ಟ್ ಬೇರೆ, 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಎಕ್ಸ್‌ಪರ್ಟ್ ಅಲ್ಟ್ರಾ ಬೇರೆ, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಬೇರೆ. ಅಲ್ಟ್ರಾ ಮಿಲಿಲೀಟರ್‌ಗೆ ಸುಮಾರು 16 ಬ್ಯಾಕ್ಟೀರಿಯಾ ಇದ್ದರೂ ಹಿಡಿಯುತ್ತದೆ. ಹಳೆಯ ಎಕ್ಸ್‌ಪರ್ಟ್ ಕಾರ್ಟ್ರಿಡ್ಜ್‌ಗೆ ನೂರಕ್ಕಿಂತ ಹೆಚ್ಚು ಬೇಕಿತ್ತು. ಅಷ್ಟಾದರೂ ಅಲ್ಟ್ರಾ ಋಣಾತ್ಮಕ ಎಂದಾಕ್ಷಣ ಕ್ಷಯವಿಲ್ಲ ಎನ್ನುವಂತಿಲ್ಲ. ಹೊಸ ಪರೀಕ್ಷೆಯನ್ನು ಅಳೆಯುವಾಗ ಅದೇ ಪರೀಕ್ಷೆಯ ಫಲಿತಾಂಶವನ್ನು ‘ಖಚಿತ’ ಎಂಬ ಗುಂಪಿಗೆ ಸೇರಿಸಿಕೊಂಡರೆ ಅದು ತನಗೆ ತಾನೇ ಸಾಕ್ಷಿ ಹೇಳಿದಂತೆ.

ರೋಗ ಎಷ್ಟು ಬೆಳೆದ ಮೇಲೆ ರೋಗಿ ಬಂದರು ಎಂಬುದು ಉಳಿದೆಲ್ಲಕ್ಕಿಂತ ದೊಡ್ಡ ಅಂಕಿ. 1948ರ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಕಾಲದಿಂದ ಮೂರು ದರ್ಜೆಗಳು ಬಳಕೆಯಲ್ಲಿವೆ. ಈಗ ಅವನ್ನು ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಅಂಕದೊಂದಿಗೆ ಹೇಳುತ್ತಾರೆ: 15 ಇದ್ದು ನರದೋಷವಿಲ್ಲದಿದ್ದರೆ ಒಂದನೆಯದು, 11ರಿಂದ 14 ಇದ್ದರೆ, ಅಥವಾ 15 ಇದ್ದೂ ನರದೋಷವಿದ್ದರೆ ಎರಡನೆಯದು, 10 ಮತ್ತು ಕಡಿಮೆ ಇದ್ದರೆ ಮೂರನೆಯದು. ತಲೆಯಲ್ಲಿ ನೀರು ತುಂಬಿದವರಿಗೆ ಅದನ್ನು ಬೇರೆಡೆ ಹರಿಸುವ ಕೊಳವೆ (ಷಂಟ್) ಹಾಕುವ ವಿಚಾರದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯರು 1991ರಲ್ಲಿ ಪ್ರಕಟಿಸಿದ ನಾಲ್ಕು ದರ್ಜೆಗಳು ಇಂದಿಗೂ ನಡೆಯುತ್ತಿವೆ. ದಕ್ಷಿಣ ಭಾರತ ಜಗತ್ತಿಗೆ ಕೊಟ್ಟ ಅಳತೆ ಅದು. ಪ್ರಬಂಧಗಳಲ್ಲಿ ಈ ಎರಡು ದರ್ಜೆ ಪದ್ಧತಿಗಳು ಕಲಸಿಹೋಗದಂತೆ, ಯಾವ ದಿನ ಯಾವ ಹೊತ್ತಿನ ಗ್ಲಾಸ್ಗೋ ಅಂಕ ಎಂಬುದನ್ನೂ ಬರೆಯಬೇಕು.

ದರ್ಜೆ ನೋಡದೆ ಓದಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಹೆಸರಾಂತ ಪ್ರಯೋಗಗಳು ಸಾಕು. ಇಂಡೋನೇಷ್ಯಾದ ಬಂಡುಂಗ್‌ನಲ್ಲಿ 60 ರೋಗಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮಾಮೂಲಿ ಪ್ರಮಾಣದ ರಿಫಾಂಪಿಸಿನ್ ಪಡೆದವರಲ್ಲಿ ಶೇ. 65, ಹೆಚ್ಚಿನ ಪ್ರಮಾಣವನ್ನು ರಕ್ತನಾಳಕ್ಕೆ ಪಡೆದವರಲ್ಲಿ ಶೇ. 35 ಮಂದಿ ಆರು ತಿಂಗಳೊಳಗೆ ಸತ್ತರು. ವಿಯೆಟ್ನಾಂನಲ್ಲಿ 817 ರೋಗಿಗಳ ಪ್ರಯೋಗ 2016ರಲ್ಲಿ ಬಂತು. ಅಲ್ಲಿ ಚಿಕಿತ್ಸೆ ಬಲಪಡಿಸಿದರೂ ಬಿಟ್ಟರೂ ಸಾವು ಸುಮಾರು ಶೇ. 28ರಲ್ಲೇ ನಿಂತಿತು. ಮೊದಲನೆಯದು ಗೆದ್ದಿತು, ಎರಡನೆಯದು ಸೋತಿತು ಎಂದು ಓದುವುದು ಸುಲಭ. ಆದರೆ ಮಾಮೂಲಿ ಚಿಕಿತ್ಸೆಯ ಗುಂಪುಗಳಲ್ಲೇ ಸಾವು 65 ಮತ್ತು 28 ಎಂದರೆ ಎರಡೂ ಕಡೆ ಬಂದ ರೋಗಿಗಳೇ ಬೇರೆ. ಔಷಧಿಯ ಪ್ರಮಾಣ, ಕೊಟ್ಟ ದಾರಿ, ರೋಗಿ ಬಂದ ಹಂತ, ಮೂರನ್ನೂ ಎದುರಿಗಿಟ್ಟುಕೊಳ್ಳದೆ ಇವನ್ನು ಹೋಲಿಸಲಾಗದು.

ಚಿಕಿತ್ಸೆಯ ದಾಖಲೆಯಲ್ಲಿ ‘ಕ್ಷಯದ ಔಷಧಿ ಕೊಡಲಾಯಿತು’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ, ಯಾವ ದಿನ ಶುರು, ಬರುವ ಮುನ್ನ ಹೊರಗೆ ಯಾವ ಆಂಟಿಬಯೋಟಿಕ್ ನುಂಗಿದ್ದರು, ಸ್ಟೆರಾಯ್ಡ್ ಎಷ್ಟು ವಾರ ಎಂಬುದೆಲ್ಲ ಬೇಕು. ಎಚ್‌ಐವಿ ಸ್ಥಿತಿಯನ್ನಂತೂ ಬಿಡುವಂತಿಲ್ಲ. 2004ರ ವಿಯೆಟ್ನಾಂ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ಶೇ. 41ರಿಂದ ಶೇ. 32ಕ್ಕೆ ಇಳಿಸಿತ್ತು, 2023ರಲ್ಲಿ ಎಚ್‌ಐವಿ ಇರುವ 520 ವಯಸ್ಕರ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ.

2004ರ ಪ್ರಯೋಗ ಇನ್ನೂ ಒಂದು ಪಾಠ ಕಲಿಸಿತು. ಸಾವು ತಗ್ಗಿತು, ಅಂಗವೈಕಲ್ಯ ತಗ್ಗಲಿಲ್ಲ. ಬದುಕಿದವರು ಹೇಗೆ ಬದುಕಿದರು ಎಂದು ಅಳೆಯದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಮದ್ರಾಸಿನ ಕ್ಷಯ ಸಂಶೋಧನಾ ಕೇಂದ್ರ 180 ಮಕ್ಕಳ ಅಧ್ಯಯನವನ್ನು 1986ರಲ್ಲಿ ಪ್ರಕಟಿಸಿದಾಗ ಶೇ. 27 ಸಾವು, ಶೇ. 39 ನರದೋಷ ಉಳಿದವರು, ಶೇ. 34 ಪೂರ್ತಿ ಚೇತರಿಸಿದವರು ಎಂದು ಮೂರು ಪಾಲು ಮಾಡಿ ಹೇಳಿತ್ತು. ಆ ಪ್ರಾಮಾಣಿಕತೆ ಇಂದಿನ ಎಷ್ಟೋ ಪ್ರಬಂಧಗಳಲ್ಲಿ ‘ಬಿಡುಗಡೆ ಹೊಂದಿದರು’ ಎಂಬ ಒಂದು ಪದಕ್ಕೆ ಕುಗ್ಗಿದೆ. ವಯಸ್ಕರಿಗೆ 0ಯಿಂದ 6ರವರೆಗಿನ ಮಾರ್ಪಡಿತ ರ್‍ಯಾಂಕಿನ್ ಮಾಪಕವಿದೆ. ಅದನ್ನು ಬಿಡುಗಡೆಯ ದಿನ ಮಾತ್ರವಲ್ಲ, 6 ಮತ್ತು 12ನೆಯ ತಿಂಗಳಲ್ಲೂ ಹಾಕಬೇಕು.

ನೆನಪು, ಮಾತು, ಲೆಕ್ಕ ಮಾಡುವ ಶಕ್ತಿಯನ್ನು ಅಳೆಯುವಾಗ ಭಾಷೆ ಅಡ್ಡ ಬರುತ್ತದೆ. ಇಂಗ್ಲಿಷ್ ಪ್ರಶ್ನೆಯನ್ನು ನಿಂತ ನಿಲುವಿನಲ್ಲಿ ಅನುವಾದಿಸಿ ಕೇಳಿದರೆ ಅಳೆಯುವುದು ಮಿದುಳನ್ನಲ್ಲ, ಅನುವಾದಕನ ಜಾಣ್ಮೆಯನ್ನು. ಈ ದಾರಿಯಲ್ಲಿ ಕೆಲಸ ಈಗಾಗಲೇ ನಡೆದಿದೆ. ಶ್ರೀ ಚಿತ್ರಾ ಸಂಸ್ಥೆಯಲ್ಲಿ ಆಡೆನ್‌ಬ್ರೂಕ್ ಪರೀಕ್ಷೆಯನ್ನು ಮಲಯಾಳಂಗೆ ಒಗ್ಗಿಸಿದರು. ಮುಂದೆ ಐಸಿಎಂಆರ್ ರೂಪಿಸಿದ ನರ-ಅರಿವಿನ ಪರೀಕ್ಷೆಗಳ ಸಂಚಯ ಕನ್ನಡ, ಮಲಯಾಳಂ, ತೆಲುಗು, ಹಿಂದಿ, ಬಂಗಾಳಿ ಐದರಲ್ಲೂ ಇದೆ. ಅದರ ಗುರಿ ವಯಸ್ಸಾದವರ ಮರೆವು; ಇಪ್ಪತ್ತೈದರ ಕ್ಷಯ ರೋಗಿಗೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸಿಯೇ ಬಳಸಬೇಕು. ಆದರೆ ಕೊಚ್ಚಿ ಮತ್ತು ಬೆಂಗಳೂರು ಒಂದೇ ಮಾಪಕ ಹಿಡಿಯಲು ಅದಕ್ಕಿಂತ ಒಳ್ಳೆಯ ಆರಂಭ ಬೇರಿಲ್ಲ. ಕಾಸರಗೋಡಿನವರಿಗಾಗಿ ಇನ್ನೂ ಒಂದು ಹೆಜ್ಜೆ ಬೇಕು. ಅಲ್ಲಿನ ರೋಗಿ ಸರ್ಕಾರಿ ಕಾಗದದಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು ಅಥವಾ ಬ್ಯಾರಿ ಬಳಸುವವರಾಗಿರಬಹುದು. ಒಪ್ಪಿಗೆ ಪತ್ರವನ್ನೂ ಪರೀಕ್ಷೆಯನ್ನೂ ಯಾವ ಭಾಷೆಯಲ್ಲಿ ಮಾಡಲಾಯಿತು ಎಂಬ ಕಾಲಂ ಪ್ರತಿ ನಮೂನೆಯಲ್ಲೂ ಇರಬೇಕು. ಪ್ರಜ್ಞೆಯಿಲ್ಲದ ರೋಗಿಗೆ ಮನೆಯವರು ಸಹಿ ಹಾಕಿದ್ದರೆ, ಪ್ರಜ್ಞೆ ಬಂದ ಮೇಲೆ ರೋಗಿಯನ್ನೇ ಮತ್ತೆ ಕೇಳಬೇಕು, ಅದೂ ಅವರ ಮಾತಿನಲ್ಲಿ.

ಹನ್ನೆರಡನೆಯ ತಿಂಗಳಲ್ಲಿ ರೋಗಿ ಸಿಗುತ್ತಾರೆಯೇ ಎಂಬುದು ಕೊನೆಯ ಪ್ರಶ್ನೆ. ವೈಟ್ಟಿಲದ ಮೊಬಿಲಿಟಿ ಹಬ್‌ನಲ್ಲಿ ಇದರ ಉತ್ತರ ಕಾಣುತ್ತದೆ. 2011ರಲ್ಲಿ ಶುರುವಾದ ಈ ನಿಲ್ದಾಣದಲ್ಲಿ ಇಡುಕ್ಕಿಯ ಬೆಟ್ಟ, ಕೋಟ್ಟಯಂ, ಆಲಪ್ಪುಳದ ಕಡೆಯ ಬಸ್ಸುಗಳು ಸೇರುತ್ತವೆ. ಮೆಟ್ರೊ, ಕಾಕ್ಕನಾಡಿನ ಜಲಮೆಟ್ರೊ ಪಕ್ಕದಲ್ಲೇ ಇವೆ. ಒಂದು ಕೈ ಸೋತ ಮನುಷ್ಯ ಬೆಳಗಿನ ನಾಲ್ಕಕ್ಕೆ ಬೆಟ್ಟ ಇಳಿದು ಇಲ್ಲಿ ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿ, ಎರಡು ನಿಮಿಷದ ತಪಾಸಣೆ ಮುಗಿಸಿ ಅದೇ ದಿನ ಹಿಂದಿರುಗಬೇಕು. ಜೊತೆಗೆ ಬರುವವರ ದಿನಗೂಲಿಯೂ ಹೋಗುತ್ತದೆ. ಅಂಥವರು ಮೂರನೆಯ ಸಲ ಬಾರದಿದ್ದರೆ ಪ್ರಬಂಧದಲ್ಲಿ ‘ಸಂಪರ್ಕ ತಪ್ಪಿತು’ ಎಂದು ಬರೆಯುತ್ತಾರೆ. ತಪ್ಪಿದ್ದು ಅವರಲ್ಲ. ಅಧ್ಯಯನದ ಖರ್ಚಿನಲ್ಲಿ ಬಸ್ಸಿನ ದುಡ್ಡನ್ನು ಮೊದಲೇ ಸೇರಿಸಬೇಕಿತ್ತು. ಗಡಿ ದಾಟುವವರ ಕಷ್ಟ ಇನ್ನೂ ಹೆಚ್ಚು. ಕಾಸರಗೋಡಿನವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗುವುದು ತಲೆಮಾರಿನ ರೂಢಿ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಹೊತ್ತಿನಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಆ ರೂಢಿ ಒಂದೇ ರಾತ್ರಿಯಲ್ಲಿ ಕಡಿಯಿತು. ಮಂಗಳೂರಿನಲ್ಲಿ ಶುರುವಾದ ಚಿಕಿತ್ಸೆ ಕ್ಷಯ ರೋಗಿಗಳ ಸರ್ಕಾರಿ ನೋಂದಣಿಯಾದ ನಿಕ್ಷಯ್‌ನ ಕೇರಳದ ದಾಖಲೆಗೆ ಸೇರುವ ದಾರಿಯನ್ನು ಎರಡೂ ಕಡೆಯ ಸಂಶೋಧಕರು ಮೊದಲೇ ಗೊತ್ತು ಮಾಡಿಕೊಂಡರೆ ರಸ್ತೆ ಮುಚ್ಚಿದರೂ ರೋಗಿಯ ಲೆಕ್ಕ ತಪ್ಪುವುದಿಲ್ಲ.

ಇದಕ್ಕೆಲ್ಲ ಹೊಸ ಸಂಸ್ಥೆ ಬೇಕಿಲ್ಲ. ಈ ಐದು ಊರುಗಳ ವಿಭಾಗಗಳು ಒಪ್ಪಿದ ಎರಡು ಹಾಳೆಯ ಒಂದು ನಮೂನೆ ಸಾಕು. ಅದನ್ನು ಸ್ನಾತಕೋತ್ತರ ಪ್ರಬಂಧದ ಪ್ರಸ್ತಾವಕ್ಕೆ ಲಗತ್ತಿಸಬೇಕೆಂದು ನೈತಿಕ ಸಮಿತಿಗಳು ಕೇಳಬಹುದು, ಭಾರತೀಯ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ಅಧ್ಯಯನ ದಾಖಲಿಸುವಾಗಲೇ ಯಾವ ಫಲಿತಾಂಶವನ್ನು ಯಾವ ತಿಂಗಳು ಅಳೆಯುತ್ತೇವೆ ಎಂದು ಹೇಳಬಹುದು. ಮೊದಲ ಹಾಳೆಯಲ್ಲಿ ದಾಖಲಾದ ದಿನದ ವಿವರ: ಎಷ್ಟನೆಯ ದಿನದ ರೋಗ, ಗ್ಲಾಸ್ಗೋ ಅಂಕ, ದ್ರವದ ಪ್ರಮಾಣ, ಜೊತೆಗೆ ತೆಗೆದ ರಕ್ತದ ಸಕ್ಕರೆ, ಯಂತ್ರದ ಹೆಸರು, ಸ್ಕ್ಯಾನ್. ಎರಡನೆಯ ಹಾಳೆಯಲ್ಲಿ ಔಷಧಿ, ಷಂಟ್ ಹಾಕಿದ ದಿನಾಂಕ, ಎರಡು ದೂರವಾಣಿ ಸಂಖ್ಯೆ, ರೋಗಿಯ ಮನೆಮಾತು. ಅದರ ಕೊನೆಯ ಕಾಲಂ ತುಂಬುವುದು ಒಂದು ವರ್ಷದ ನಂತರ. ರೋಗಿ ಬರಲಾಗದಿದ್ದರೆ ಫೋನಿನಲ್ಲಿ, ಅವರ ಮಾತಿನಲ್ಲಿ, ಹಿಂದೆ ಮಾಡುತ್ತಿದ್ದ ಕೆಲಸಗಳಲ್ಲಿ ಈಗ ಯಾವುದನ್ನು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು.